ಬೆಳಕಿನ ಸೂಜಿ, ರೇಷ್ಮೆಯ ಹೊಲಿಗೆ

ರೇಷ್ಮೆ ಹುಳುವಿನ ಹೊಟ್ಟೆಯೊಳಗೆ ಎಳೆ ಇರುವುದಿಲ್ಲ. ಇರುವುದು ಅಂಟಾದ ಒಂದು ದ್ರವ: ಸರಿಸುಮಾರು ಕಾಲುಭಾಗ ಪ್ರೋಟೀನ್, ಉಳಿದದ್ದು ಬಹುಪಾಲು ನೀರು. ಗೂಡು ಕಟ್ಟುವ ಹೊತ್ತಿಗೆ ಹುಳುವಿನ ಮೈಯೊಳಗೆ ಮಡಚಿಕೊಂಡಿರುವ ಎರಡು ಉದ್ದನೆಯ ಗ್ರಂಥಿಗಳಲ್ಲಿ ಇದು ತುಂಬಿಕೊಂಡಿರುತ್ತದೆ. ಬಾಯಿಯ ಬಳಿಯ ಸಣ್ಣ ರಂಧ್ರದಿಂದ ಹೊರಬೀಳುವಷ್ಟರಲ್ಲಿ ಅದೇ ದ್ರವ ಎಳೆಯಾಗಿರುತ್ತದೆ, ಮತ್ತೆ ನೀರಿಗೆ ಹಾಕಿದರೂ ಕರಗದ ಎಳೆ. ನಡುವೆ ಹುಳು ಏನನ್ನೂ ಕಾಯಿಸುವುದಿಲ್ಲ, ಹೊರಗಿನಿಂದ ಯಾವ ರಾಸಾಯನಿಕವನ್ನೂ ಸುರಿಯುವುದಿಲ್ಲ. ಗ್ರಂಥಿಯ ಉದ್ದಕ್ಕೂ ಆಮ್ಲೀಯತೆಯ ಅಳತೆಯಾದ ಪಿಎಚ್ ಸುಮಾರು 8ರಿಂದ 6ರ ಆಸುಪಾಸಿಗೆ ಇಳಿಯುತ್ತದೆ, ದ್ರವದಿಂದ ನೀರು ಹೊರಹೋಗುತ್ತದೆ, ಕೊಳವೆ ಕಿರಿದಾದಂತೆ ಅಣುಗಳು ಒಂದೇ ದಿಕ್ಕಿಗೆ ಹಾಯುತ್ತವೆ. ಕೊನೆಗೆ ಹುಳು ತುದಿಯನ್ನು ಒಂದೆಡೆ ಅಂಟಿಸಿ, ತಲೆಯನ್ನು 8ರ ಆಕಾರದಲ್ಲಿ ಆಡಿಸುತ್ತ ಎಳೆಯನ್ನು ಸೆಳೆದುಕೊಳ್ಳುತ್ತದೆ. ಹುಳು ನೂಲನ್ನು ಉಗುಳುತ್ತದೆ ಎಂಬ ಮಾತು ರೂಢಿಯಲ್ಲಿದೆ, ಆದರೆ ಎಳೆ ಹೊರಬರುವುದು ಸೆಳೆತದಿಂದ.

ದ್ರವವನ್ನು ಬಿಂದುಬಿಂದುವಾಗಿ ಗಟ್ಟಿಮಾಡುತ್ತ ಒಂದು ಆಕೃತಿ ಕಟ್ಟುವುದನ್ನು ನಾವು ಇಂದು ಮೂರು ಆಯಾಮದ ಮುದ್ರಣ ಎನ್ನುತ್ತೇವೆ. ಆ ಲೆಕ್ಕದಲ್ಲಿ ಗೂಡು ಒಂದು ಮುದ್ರಿತ ವಸ್ತುವೇ. ಆದರೆ ಹುಳುವಿಗೆ ಒಂದು ಕಟ್ಟುಪಾಡಿದೆ. ಅದರ ದ್ರವ ಗಟ್ಟಿಯಾಗುವುದು ಕೊಳವೆಯ ಕೊನೆಯಲ್ಲಿ ಮಾತ್ರ, ಹಾಗಾಗಿ ಅದರಿಂದ ಎಳೆ ಬಿಟ್ಟು ಬೇರೇನೂ ಹೊರಬರಲಾರದು. ಈಗ ಅದೇ ಪ್ರೋಟೀನಿನ ದ್ರಾವಣದ ಒಂದು ಹನಿಯನ್ನು ಗಾಜಿನ ಮೇಲಿಟ್ಟು, ಆ ಹನಿಯ ನಟ್ಟನಡುವೆ ನಮಗೆ ಬೇಕಾದ ಒಂದೇ ಒಂದು ಬಿಂದು ಗಟ್ಟಿಯಾಗುವಂತೆ, ಸುತ್ತಲಿನದೆಲ್ಲ ದ್ರವವಾಗಿಯೇ ಉಳಿಯುವಂತೆ ಮಾಡಲು ಸಾಧ್ಯವಾದರೆ? ಬಿಂದುವಿನ ಪಕ್ಕ ಇನ್ನೊಂದು ಬಿಂದು, ಅದರ ಮೇಲೆ ಮತ್ತೊಂದು. ಕಮಾನು ಕಟ್ಟಬಹುದು, ಜಾಲರಿ ನೇಯಬಹುದು, ಮಸೂರ ರೂಪಿಸಬಹುದು. ಲೇಸರಿನಿಂದ ರೇಷ್ಮೆಯ ಸೂಕ್ಷ್ಮ ಆಕೃತಿಗಳನ್ನು ಮುದ್ರಿಸುವ ವಿದ್ಯೆ ಇದೇ. ಎಲ್ಲಿ ಗಟ್ಟಿಯಾಗಬೇಕು ಎಂಬ ಆಯ್ಕೆಯನ್ನು ಅದು ಹುಳುವಿನ ಬಾಯಿಯಿಂದ ಬಿಡಿಸಿ ಬೆಳಕಿನ ತುದಿಗೆ ಕೊಡುತ್ತದೆ.

ಅಳತೆಯನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳುವುದು ಒಳ್ಳೆಯದು. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಮೈಕ್ರೋಮೀಟರ್, ಅದರ ಸಾವಿರದಲ್ಲೊಂದು ಪಾಲು ನ್ಯಾನೋಮೀಟರ್. ತಲೆಗೂದಲಿನ ದಪ್ಪ ಐವತ್ತರಿಂದ ನೂರು ಮೈಕ್ರೋಮೀಟರ್. ಹುಳುವಿನ ಎಳೆ ಹತ್ತಿಪ್ಪತ್ತು ಮೈಕ್ರೋಮೀಟರ್. ಲೇಸರ್ ಬರೆಯುವ ಗೆರೆ ಒಂದು ಮೈಕ್ರೋಮೀಟರಿಗಿಂತಲೂ ತೆಳ್ಳಗಿರಬಲ್ಲದು.

ಗೂಡಿನಿಂದ ಶಾಯಿಯವರೆಗೆ

ಮುದ್ರಣಕ್ಕೆ ಶಾಯಿ ಬೇಕು. ಹುಳು ಗಟ್ಟಿ ಮಾಡಿಟ್ಟದ್ದನ್ನು ಮತ್ತೆ ದ್ರವ ಮಾಡುವುದರಿಂದ ಕೆಲಸ ಶುರುವಾಗುತ್ತದೆ.

ರೇಷ್ಮೆಯ ಎಳೆಯಲ್ಲಿ ಎರಡು ಬಗೆಯ ಪ್ರೋಟೀನ್‌ಗಳಿವೆ. ಒಳಗೆ ಜೋಡಿ ತಂತುಗಳಾಗಿ ಓಡುವುದು ಫೈಬ್ರೋಯಿನ್. ಆ ಜೋಡಿಯನ್ನು ಸುತ್ತುವರಿದು ಗೂಡನ್ನು ಗೂಡಾಗಿ ಹಿಡಿದಿಡುವ ಅಂಟು ಸೆರಿಸಿನ್, ತೂಕದಲ್ಲಿ ಐದರಲ್ಲಿ ಒಂದರಿಂದ ನಾಲ್ಕರಲ್ಲಿ ಒಂದು ಪಾಲು. ನಮಗೆ ಬೇಕಾದದ್ದು ಫೈಬ್ರೋಯಿನ್. ಕತ್ತರಿಸಿದ ಗೂಡುಗಳನ್ನು ಸೋಡಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ಕುದಿಸಿದರೆ ಅಂಟು ಬಿಡುತ್ತದೆ, ಹತ್ತಿಯಂಥ ಬಿಳಿ ನಾರು ಉಳಿಯುತ್ತದೆ. ಈ ನಾರು ನೀರಿಗೆ ಬಗ್ಗುವುದಿಲ್ಲ. ಅದನ್ನು ಕರಗಿಸಲು ಲಿಥಿಯಂ ಬ್ರೋಮೈಡ್ ಎಂಬ ಲವಣದ ಬಹಳ ದಟ್ಟವಾದ ದ್ರಾವಣದಲ್ಲಿ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಇಡುತ್ತಾರೆ. ಆಮೇಲೆ ಅತಿ ಸೂಕ್ಷ್ಮ ರಂಧ್ರಗಳ ಪೊರೆಯ ಚೀಲಕ್ಕೆ ತುಂಬಿ ಶುದ್ಧ ನೀರಿನಲ್ಲಿ ಎರಡು ದಿನ ಮುಳುಗಿಸಿಟ್ಟು, ಆ ನೀರನ್ನು ಬದಲಾಯಿಸುತ್ತ ಹೋಗುತ್ತಾರೆ. ಲವಣ ಪೊರೆಯನ್ನು ದಾಟಿ ಹೊರಹೋಗುತ್ತದೆ, ದೊಡ್ಡ ಅಣುವಾದ ಪ್ರೋಟೀನ್ ಚೀಲದಲ್ಲೇ ಉಳಿಯುತ್ತದೆ. ಕೈಗೆ ಸಿಗುವುದು ತಿಳಿ ಹಳದಿ ಛಾಯೆಯ ಪಾರದರ್ಶಕ ದ್ರವ.

ಕುದಿಸುವ ಆ ಅರ್ಧ ಗಂಟೆಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಹೆಚ್ಚು ಹೊತ್ತು ಕುದಿಸಿದಷ್ಟೂ ಫೈಬ್ರೋಯಿನ್ ಸರಪಳಿ ತುಂಡಾಗುತ್ತದೆ. ತುಂಡು ಸರಪಳಿಯ ದ್ರಾವಣ ತೆಳು, ಅದರಿಂದ ಮಾಡಿದ ವಸ್ತು ಬಲಹೀನ. ಕಡಿಮೆ ಕುದಿಸಿದರೆ ಅಂಟು ಪೂರ್ತಿ ಬಿಡುವುದಿಲ್ಲ. ಮುಂದೆ ಲೇಸರ್ ಎಷ್ಟೇ ನಾಜೂಕಾಗಿ ಕೆಲಸ ಮಾಡಿದರೂ ಒಲೆಯ ಮುಂದೆ ಕಳೆದ ಈ ನಿಮಿಷಗಳ ಗುರುತು ಕೊನೆಯ ಆಕೃತಿಯಲ್ಲಿ ಉಳಿದೇ ಇರುತ್ತದೆ.

ಈ ಸರಪಳಿಯನ್ನು ಹತ್ತಿರದಿಂದ ನೋಡದೆ ಮುಂದಿನದು ಅರ್ಥವಾಗದು. ಫೈಬ್ರೋಯಿನ್ನಿನ ಮುಖ್ಯ ಸರಪಳಿಯಲ್ಲಿ ಪ್ರೋಟೀನಿನ ಬಿಡಿ ಘಟಕಗಳಾದ ಅಮೈನೋ ಆಮ್ಲಗಳು 5,263 ಸಾಲಾಗಿ ಕೋದುಕೊಂಡಿವೆ. ಸಾಲಿನ ಬಹುಭಾಗ ಏಕತಾನದ್ದು: ಗ್ಲೈಸಿನ್, ಅಲನಿನ್, ಗ್ಲೈಸಿನ್, ಅಲನಿನ್, ಗ್ಲೈಸಿನ್, ಸೆರೀನ್, ಮತ್ತೆ ಮೊದಲಿನಿಂದ ಅದೇ. ಮೂರೂ ಪುಟ್ಟ ಗಾತ್ರದ ಅಮೈನೋ ಆಮ್ಲಗಳು. ಗಾತ್ರ ಚಿಕ್ಕದಿರುವುದರಿಂದ ಸರಪಳಿಗಳು ಒಂದರ ಪಕ್ಕ ಒಂದು ಒತ್ತಾಗಿ ನಿಂತು, ಹಾಳೆಗಳಾಗಿ, ಹಾಳೆಯ ಮೇಲೆ ಹಾಳೆ ಪೇರಿಸಿಕೊಂಡು ಸ್ಫಟಿಕಗಳಾಗುತ್ತವೆ. ಬೀಟಾ ಹಾಳೆ ಎಂದು ಇದಕ್ಕೆ ಹೆಸರು. ರೇಷ್ಮೆಯ ಬಲವೂ, ಅದು ನೀರಿನಲ್ಲಿ ಕರಗದಿರುವುದೂ ಈ ಮಡಿಕೆಯ ಫಲ. ಲಿಥಿಯಂ ಬ್ರೋಮೈಡ್ ಮಾಡಿದ್ದು ಈ ಹಾಳೆಗಳನ್ನು ಬಿಡಿಸುವ ಕೆಲಸ.

ಏಕತಾನದ ಈ ಸಾಲಿನಲ್ಲಿ ನೂರಕ್ಕೆ ಸುಮಾರು ಐದರಂತೆ ಇನ್ನೊಂದು ಅಮೈನೋ ಆಮ್ಲ ತಲೆಹಾಕುತ್ತದೆ. ಅದರ ಹೆಸರು ಟೈರೋಸಿನ್. ಗ್ಲೈಸಿನ್, ಅಲನಿನ್‌ಗಳ ಪಕ್ಕ ಇದು ದೊಡ್ಡದು, ಆರು ಇಂಗಾಲದ ಪರಮಾಣುಗಳ ಉಂಗುರವೊಂದನ್ನು ಹೊತ್ತಿರುತ್ತದೆ. ಹಾಳೆಗಳ ಅಚ್ಚುಕಟ್ಟಾದ ಜೋಡಣೆಗೆ ಇದು ಅಡಚಣೆ. ಲೇಸರಿಗೆ ಮಾತ್ರ ಇಡೀ ಸರಪಳಿಯಲ್ಲಿ ಎಲ್ಲಕ್ಕಿಂತ ಬೇಕಾದವನು ಇವನೇ.

ಎರಡು ಫೋಟಾನ್‌ಗಳ ಕೂಟ

ಬೆಳಕು ಬಿದ್ದಾಗ ಗಟ್ಟಿಯಾಗುವ ದ್ರವಗಳು ಹೊಸವಲ್ಲ. ಹಲ್ಲಿನ ವೈದ್ಯರು ಹುಳುಕು ತುಂಬಿದ ಮೇಲೆ ನೀಲಿ ಬೆಳಕು ಹಿಡಿಯುವುದು ಅದಕ್ಕೇ. ಹಾಗಿದ್ದರೆ ನೀಲಿ ಬೆಳಕನ್ನೇ ಮಸೂರದಿಂದ ಒಂದು ಬಿಂದುವಿಗೆ ಕೂಡಿಸಿ ಹನಿಯೊಳಗೆ ಬರೆಯಬಾರದೇಕೆ?

ಏಕೆಂದರೆ ಬೆಳಕು ಆ ಬಿಂದುವನ್ನು ತಲುಪುವ ಮೊದಲು ಶಂಕುವಿನ ಆಕಾರದಲ್ಲಿ ಹನಿಯನ್ನು ಹಾಯ್ದು ಬರಬೇಕು, ಬಿಂದುವನ್ನು ದಾಟಿದ ಮೇಲೂ ಶಂಕುವಾಗಿ ಹರಡಿಕೊಳ್ಳಬೇಕು. ಶಂಕುವಿನ ಯಾವ ಅಡ್ಡಸೀಳನ್ನು ನೋಡಿದರೂ ಅದರಲ್ಲಿ ಹಾಯುವ ಫೋಟಾನ್‌ಗಳ, ಎಂದರೆ ಬೆಳಕಿನ ಕಣಗಳ, ಒಟ್ಟು ಸಂಖ್ಯೆ ಒಂದೇ. ಬೆಳಕು ಕೂಡುವ ಬಿಂದುವಾದ ನಾಭಿಯಲ್ಲಿ ಅವು ಒತ್ತೊತ್ತಾಗಿರುತ್ತವೆ, ಮೇಲೆ ಕೆಳಗೆ ಚದುರಿರುತ್ತವೆ, ಅಷ್ಟೇ ವ್ಯತ್ಯಾಸ. ದಾರಿಯುದ್ದಕ್ಕೂ ದ್ರಾವಣ ಬೆಳಕನ್ನು ಹೀರುತ್ತದೆ, ದಾರಿಯುದ್ದಕ್ಕೂ ಗಟ್ಟಿಯಾಗತೊಡಗುತ್ತದೆ. ಬಿಂದು ಬರೆಯಲು ಹೋದವರ ಕೈಗೆ ಮರಳು ಗಡಿಯಾರದ ಆಕಾರದ ಮುದ್ದೆ ಸಿಗುತ್ತದೆ.

ಇದರಿಂದ ಪಾರಾಗುವ ದಾರಿ ಕಾಗದದ ಮೇಲೆ ಮೂಡಿದ್ದು ಲೇಸರ್ ಹುಟ್ಟುವುದಕ್ಕೆ ಮೂರು ದಶಕ ಮೊದಲು. ಗಟ್ಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡುತ್ತಿದ್ದ ಮರಿಯಾ ಗೋಪರ್ಟ್ ಮೇಯರ್ ಒಂದು ಅಣು ಒಂದೇ ಗಳಿಗೆಯಲ್ಲಿ ಎರಡು ಫೋಟಾನ್‌ಗಳನ್ನು ಒಟ್ಟಿಗೆ ಹೀರಬಲ್ಲದು ಎಂದು ಲೆಕ್ಕ ಹಾಕಿ ತೋರಿಸಿದರು. ಆ ಪ್ರಬಂಧ 1931ರಲ್ಲಿ ಪ್ರಕಟವಾಯಿತು. ಅದನ್ನು ಕಣ್ಣಾರೆ ನೋಡಲು ಬೇಕಾದಷ್ಟು ಪ್ರಖರವಾದ ಬೆಳಕು ಆಗ ಭೂಮಿಯ ಮೇಲೆಲ್ಲೂ ಇರಲಿಲ್ಲ. 1960ರಲ್ಲಿ ಮೊದಲ ಲೇಸರ್ ಬೆಳಗಿತು, ಮರುವರ್ಷವೇ ಪ್ರಯೋಗ ಅವರ ಲೆಕ್ಕವನ್ನು ಸರಿಯೆಂದಿತು. 1963ರಲ್ಲಿ ಅವರಿಗೆ ನೊಬೆಲ್ ಬಂದದ್ದು ಬೇರೆಯದೇ ಕೆಲಸಕ್ಕೆ, ಪರಮಾಣು ಬೀಜದ ಕವಚ ರಚನೆಯನ್ನು ವಿವರಿಸಿದ್ದಕ್ಕೆ. ಎರಡು ಫೋಟಾನ್‌ಗಳ ಲೆಕ್ಕವೊಂದನ್ನೇ ಬಿಟ್ಟುಹೋಗಿದ್ದರೂ ಅವರ ಹೆಸರು ಉಳಿಯುತ್ತಿತ್ತು ಎಂದು ನನಗನ್ನಿಸುತ್ತದೆ. ಇಂದಿನ ಸೂಕ್ಷ್ಮದರ್ಶಕಗಳಲ್ಲೂ ಸೂಕ್ಷ್ಮ ಮುದ್ರಣದಲ್ಲೂ ಆ ಲೆಕ್ಕದ ಮೇಲೆ ನಿಂತ ಕೆಲಸ ಅಷ್ಟಿದೆ.

ಒಂದು ಮೆಟ್ಟಿಲು ಹತ್ತಲು ಬೇಕಾದ ಶಕ್ತಿಯಲ್ಲಿ ಅರ್ಧವನ್ನಷ್ಟೇ ಒಂದು ಫೋಟಾನ್ ತಂದಿದೆ ಎಂದುಕೊಳ್ಳಿ. ಅಣು ಅರ್ಧಕ್ಕೆ ಏರುತ್ತದೆ, ಆದರೆ ಅರ್ಧದಲ್ಲಿ ಕಾಲೂರಲು ಮೆಟ್ಟಿಲಿಲ್ಲ. ಅದು ಹಾಗೆ ತೂಗಾಡಬಲ್ಲದ್ದು ಒಂದು ಫೆಮ್ಟೋಸೆಕೆಂಡಿನ ಆಸುಪಾಸು, ಎಂದರೆ ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ಹತ್ತು ಲಕ್ಷ ಪಾಲು ಮಾಡಿದರೆ ಸಿಗುವ ಒಂದು ಚೂರು. ಅಷ್ಟರೊಳಗೆ ಎರಡನೆಯ ಫೋಟಾನ್ ಅದೇ ಅಣುವಿಗೆ ಬಂದು ತಾಗಿದರೆ ಮೇಲಿನ ಮೆಟ್ಟಿಲು, ಇಲ್ಲದಿದ್ದರೆ ಏನೂ ನಡೆಯಲೇ ಇಲ್ಲ. ಇದು ಎಷ್ಟು ಅಪರೂಪವೆಂಬುದಕ್ಕೆ ಈ ಕ್ಷೇತ್ರದವರು ಕೊಡುವ ಒಂದು ಲೆಕ್ಕವಿದೆ: ಬೆಳಕನ್ನು ಚೆನ್ನಾಗಿ ಹೀರುವ ಬಣ್ಣದ ಅಣುವೊಂದು ಪ್ರಖರ ಬಿಸಿಲಿನಲ್ಲಿ ಸೆಕೆಂಡಿಗೊಮ್ಮೆ ಒಂಟಿ ಫೋಟಾನನ್ನು ಹೀರಿದರೆ, ಜೋಡಿ ಫೋಟಾನನ್ನು ಹೀರುವುದು ಸುಮಾರು ಒಂದು ಕೋಟಿ ವರ್ಷಕ್ಕೊಮ್ಮೆ.

ಈ ಅಪರೂಪವೇ ನಮಗೆ ಬೇಕಾದ ಗುಣ. ಇಬ್ಬರು ಒಂದೇ ಕಡೆ ಸಂಧಿಸಬೇಕಾದರೆ ದಟ್ಟಣೆ ಮುಖ್ಯ. ಬೆಳಕಿನ ದಟ್ಟಣೆ ಎರಡು ಪಟ್ಟಾದರೆ ಜೋಡಿ ಹೀರಿಕೆ ನಾಲ್ಕು ಪಟ್ಟು, ಹತ್ತು ಪಟ್ಟಾದರೆ ನೂರು ಪಟ್ಟು. ಮತ್ತೆ ಆ ಶಂಕುವಿಗೆ ಬನ್ನಿ. ನಾಭಿಗಿಂತ ನಾಲ್ಕು ಪಟ್ಟು ವಿಸ್ತೀರ್ಣದ ಅಡ್ಡಸೀಳಿನಲ್ಲಿ ದಟ್ಟಣೆ ನಾಲ್ಕನೆಯ ಒಂದು, ಪ್ರತಿ ಅಣು ಜೋಡಿಯನ್ನು ಹೀರುವ ಸಂಭವ ಹದಿನಾರನೆಯ ಒಂದು. ಅಣುಗಳು ನಾಲ್ಕು ಪಟ್ಟು ಹೆಚ್ಚಿದ್ದರೂ ಒಟ್ಟು ಹೀರಿಕೆ ಕಾಲುಭಾಗಕ್ಕೆ ಕುಸಿಯುತ್ತದೆ. ನಾಭಿಯಿಂದ ದೂರ ಸರಿದಂತೆ ಅದು ಇಲ್ಲವೆನ್ನುವಷ್ಟಾಗುತ್ತದೆ. ಬೆಳಕು ಹನಿಯನ್ನೆಲ್ಲ ಹಾಯುತ್ತದೆ, ಕೆಲಸ ಮಾತ್ರ ಒಂದು ಚುಕ್ಕೆಯಲ್ಲಿ ನಡೆಯುತ್ತದೆ. ಸೂಜಿಯ ಮೊನೆ ಬಟ್ಟೆಯ ಒಂದೇ ಕಡೆ ಚುಚ್ಚಿದಂತೆ.

ಇದಕ್ಕಾಗಿ ಸಾಮಾನ್ಯವಾಗಿ ಬಳಸುವುದು 800 ನ್ಯಾನೋಮೀಟರ್ ಆಸುಪಾಸಿನ ತರಂಗಾಂತರದ ಅವಕೆಂಪು ಲೇಸರ್. ರೇಷ್ಮೆಯ ದ್ರಾವಣಕ್ಕೆ ಈ ಬೆಳಕು ಹೆಚ್ಚುಕಡಿಮೆ ಕಾಣಿಸುವುದೇ ಇಲ್ಲ, ಹೀರದೆ ಬಿಟ್ಟುಬಿಡುತ್ತದೆ. ಎರಡು ಫೋಟಾನ್ ಕೂಡಿದಾಗ ಮಾತ್ರ ಅವುಗಳ ಶಕ್ತಿ 400 ನ್ಯಾನೋಮೀಟರಿನ ನೇರಳೆ ಬೆಳಕಿನ ಒಂದು ಫೋಟಾನಿಗೆ ಸಮವಾಗುತ್ತದೆ. ಲೇಸರ್ ಸತತವಾಗಿ ಉರಿಯುವುದಿಲ್ಲ, ಮಿಡಿಯುತ್ತದೆ. ಒಂದೊಂದು ಮಿಡಿತ ಸುಮಾರು 100 ಫೆಮ್ಟೋಸೆಕೆಂಡ್. ಒಂದು ಸೆಕೆಂಡಿನ ಮುಂದೆ ಇದು ಎಷ್ಟು ಚಿಕ್ಕದೋ, ಮೂರು ಲಕ್ಷ ವರ್ಷಗಳ ಮುಂದೆ ಒಂದು ಸೆಕೆಂಡ್ ಅಷ್ಟು ಚಿಕ್ಕದು. ಸೆಕೆಂಡಿಗೆ 8 ಕೋಟಿ ಮಿಡಿತಗಳಿದ್ದರೂ ಲೇಸರ್ ನಿಜವಾಗಿ ಬೆಳಗಿರುವುದು ಒಟ್ಟು ಹೊತ್ತಿನ 1,25,000ದಲ್ಲಿ ಒಂದು ಪಾಲು. ಹಾಗಾಗಿ ಸರಾಸರಿ ಹತ್ತು ಮಿಲಿವ್ಯಾಟಿನ ಸೌಮ್ಯ ಕಿರಣ ಮಿಡಿತದ ನೆತ್ತಿಯಲ್ಲಿ 1,250 ವ್ಯಾಟ್ ಆಗುತ್ತದೆ. ಫೋಟಾನ್‌ಗಳು ಒಟ್ಟಾಗಿ ಬರುವಂತೆ ಮಾಡುವುದೂ ಇದೇ, ಹನಿ ಕುದಿದುಹೋಗದಂತೆ ಕಾಪಾಡುವುದೂ ಇದೇ.

ಜಪಾನಿನ ಒಸಾಕಾ ವಿಶ್ವವಿದ್ಯಾಲಯದ ತಂಡ 1997ರಲ್ಲಿ ಈ ಉಪಾಯದಿಂದ ಪ್ಲಾಸ್ಟಿಕ್ ರಾಳದಲ್ಲಿ ಮೂರು ಆಯಾಮದ ಆಕೃತಿಗಳನ್ನು ಬರೆಯಿತು. 2001ರಲ್ಲಿ ಅದೇ ವಿಶ್ವವಿದ್ಯಾಲಯದಿಂದ ಬಂದ ಗೂಳಿಯ ಪ್ರತಿಮೆ ಜಗತ್ತಿನ ಗಮನ ಸೆಳೆಯಿತು. ಮೂತಿಯಿಂದ ಬಾಲದವರೆಗೆ ಹತ್ತು ಮೈಕ್ರೋಮೀಟರ್, ಎಂದರೆ ರಕ್ತದ ಕೆಂಪು ಕಣದಷ್ಟು. ಕೊಂಬುಗಳು ಸಹ ಸ್ಪಷ್ಟ. ಸೂಕ್ಷ್ಮತೆ 120 ನ್ಯಾನೋಮೀಟರ್, ಬಳಸಿದ ಬೆಳಕಿನ ತರಂಗಾಂತರದ ಆರನೆಯ ಒಂದು ಪಾಲಿನಷ್ಟು.

ಬೆಳಕಿನ ಚುಕ್ಕೆಗಿಂತ ಗಟ್ಟಿಯಾದ ಚುಕ್ಕೆ ಚಿಕ್ಕದಿರುವುದು ಹೇಗೆ? ಚುಕ್ಕೆಯ ಅಂಚಿನಲ್ಲೂ ಒಂದಷ್ಟು ಅಣುಗಳು ಬೆಸೆಯುತ್ತವೆ, ಆದರೆ ಬೆಸುಗೆಗಳು ವಿರಳ. ಒಂದು ಮಿತಿಗಿಂತ ಕಡಿಮೆ ಬೆಸುಗೆಗಳಿರುವ ಭಾಗ ತೊಳೆಯುವಾಗ ಕೊಚ್ಚಿಹೋಗುತ್ತದೆ. ಲೇಸರಿನ ಬಲವನ್ನು ಆ ಮಿತಿಯ ತುಸು ಮೇಲಷ್ಟೇ ಇಟ್ಟರೆ ನಟ್ಟನಡುವಿನ ಚೂರು ಮಾತ್ರ ಉಳಿಯುತ್ತದೆ.

ಟೈರೋಸಿನ್ ಟೈರೋಸಿನ್ನಿಗೆ

ಒಸಾಕಾದ ಗೂಳಿ ಪ್ಲಾಸ್ಟಿಕ್. ಅಲ್ಲಿ ಬೆಳಕು ಒಂದು ಕಿಡಿ ಹಚ್ಚಿದರೆ ಸಾಕು, ಅಣುವಿಗೆ ಅಣು ಸೇರುವ ಸರಣಿ ತಾನಾಗಿ ಮುಂದುವರಿಯುತ್ತದೆ. ರೇಷ್ಮೆಯಲ್ಲಿ ಆ ಸರಣಿ ಇಲ್ಲ. ಸರಪಳಿಗಳನ್ನು ಹುಳು ಆಗಲೇ ಕಟ್ಟಿಕೊಟ್ಟಿದೆ, ನಾವು ಅವನ್ನು ಅಲ್ಲಲ್ಲಿ ಒಂದಕ್ಕೊಂದು ಹೊಲಿಯಬೇಕು, ಒಂದೊಂದು ಹೊಲಿಗೆಯನ್ನೂ ಬಿಡಿಬಿಡಿಯಾಗಿ.

ದ್ರಾವಣಕ್ಕೆ ಸ್ವಲ್ಪ ಬಣ್ಣ ಬೆರೆಸುತ್ತಾರೆ: ಮೆಥಿಲೀನ್ ಬ್ಲೂ, ರೋಸ್ ಬೆಂಗಾಲ್, ಇಲ್ಲವೆ ಬಿ2 ವಿಟಮಿನ್ ಆದ ರೈಬೋಫ್ಲೇವಿನ್. ಬೆಳಕನ್ನು ಹಿಡಿಯುವುದು ಈ ಅಣುಗಳ ಪಾಲಿನ ಕೆಲಸ. ಎರಡು ಫೋಟಾನ್‌ಗಳನ್ನು ನುಂಗಿ ಕೆರಳಿದ ಬಣ್ಣದ ಅಣು ಪಕ್ಕದ ಟೈರೋಸಿನ್ನಿನಿಂದ ನೇರವಾಗಿ ಎಲೆಕ್ಟ್ರಾನನ್ನು ಕಿತ್ತುಕೊಳ್ಳುತ್ತದೆ, ಇಲ್ಲವೆ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಕೆರಳಿಸಿ ಅದರ ಮೂಲಕ ಆ ಕೆಲಸ ಮಾಡಿಸುತ್ತದೆ. ಎಲೆಕ್ಟ್ರಾನ್ ಕಳೆದುಕೊಂಡ ಟೈರೋಸಿನ್ ಸುಮ್ಮನಿರಲಾರದು. ತನ್ನಂತೆಯೇ ಎಲೆಕ್ಟ್ರಾನ್ ಕಳೆದುಕೊಂಡ ಇನ್ನೊಂದು ಸರಪಳಿಯ ಟೈರೋಸಿನ್ ಹತ್ತಿರದಲ್ಲಿ ಸಿಕ್ಕರೆ ಎರಡು ಉಂಗುರಗಳೂ ಬೆಸೆದುಕೊಳ್ಳುತ್ತವೆ. ಈ ಜೋಡಿಗೆ ಡೈಟೈರೋಸಿನ್ ಎಂದು ಹೆಸರು. ಇಂಥ ಹೊಲಿಗೆಗಳು ಸಾಕಷ್ಟು ಬಿದ್ದಲ್ಲಿ ದ್ರಾವಣ ಜೆಲ್ ಆಗುತ್ತದೆ.

ಈ ಹೊಲಿಗೆಯನ್ನು ನಾವು ಕಂಡುಹಿಡಿದದ್ದಲ್ಲ. ಕೀಟಗಳ ರೆಕ್ಕೆಯ ಬುಡದಲ್ಲಿ, ಚಿಗಟ ನೆಗೆಯಲು ಬಳಸುವ ಕೀಲಿನಲ್ಲಿ ರೆಸಿಲಿನ್ ಎಂಬ ರಬ್ಬರಿನಂಥ ಪ್ರೋಟೀನ್ ಇದೆ. ಅದನ್ನು ಹಿಡಿದಿಟ್ಟಿರುವುದೂ ಡೈಟೈರೋಸಿನ್ನೇ.

ಇಲ್ಲಿಗೆ ಬಂದಾಗ ರೇಷ್ಮೆಗೆ ಗಟ್ಟಿಯಾಗಲು ಎರಡು ದಾರಿಗಳಿರುವುದು ಕಾಣುತ್ತದೆ. ಒಂದು ಮಡಿಕೆ, ಇನ್ನೊಂದು ಹೊಲಿಗೆ. ಹುಳು ಹಿಡಿದದ್ದು ಮಡಿಕೆಯ ದಾರಿ, ಬೀಟಾ ಹಾಳೆಗಳ ದಾರಿ. ಲೇಸರ್ ಹಿಡಿಯುವುದು ಹೊಲಿಗೆಯ ದಾರಿ. ಬರೇ ಹೊಲಿದ ಆಕೃತಿ ಮೆತ್ತಗೆ, ಒತ್ತಿದರೆ ಕುಗ್ಗಿ ಬಿಟ್ಟರೆ ಮರಳುವಂಥದ್ದು. ಬೇಕೆಂದರೆ ಆಮೇಲೆ ಅದನ್ನು ಮೆಥನಾಲಿನಲ್ಲಿ ಅದ್ದಿಯೋ ಬೆಚ್ಚಗಿನ ನೀರಾವಿಯಲ್ಲಿ ಇಟ್ಟೋ ಒಳಗಿನ ಸರಪಳಿಗಳನ್ನು ಹಾಳೆಗಳಾಗಿ ಮಡಿಸಬಹುದು. ಆಗ ಅದು ಬಿರುಸಾಗುತ್ತದೆ, ದೇಹದೊಳಗಿನ ಕಿಣ್ವಗಳಿಗೆ ಬೇಗ ಸೋಲುವುದಿಲ್ಲ. ಎಷ್ಟು ಮಡಿಸುತ್ತೇವೆ ಎಂಬುದರ ಮೇಲೆ ಅದು ಎಷ್ಟು ಕಾಲ ಬಾಳುತ್ತದೆ ಎಂಬುದು ನಿಂತಿದೆ. ಆಕಾರವನ್ನು ಒಂದು ಹೆಜ್ಜೆಯಲ್ಲಿ, ಆಯಸ್ಸನ್ನು ಇನ್ನೊಂದು ಹೆಜ್ಜೆಯಲ್ಲಿ ತೀರ್ಮಾನಿಸುವ ಈ ಸೌಲಭ್ಯವೇ ಈ ವಿದ್ಯೆಯ ತಿರುಳು ಎಂಬುದು ನನ್ನ ಎಣಿಕೆ. ಇದಕ್ಕಿಂತ ತೆಳ್ಳನೆಯ ಗೆರೆಯನ್ನು ಪ್ಲಾಸ್ಟಿಕ್ಕಿನಲ್ಲಿ ಬರೆಯಬಹುದು, ಆದರೆ ಪ್ಲಾಸ್ಟಿಕ್ಕಿಗೆ ಹೀಗೆ ಆಯಸ್ಸು ಗೊತ್ತುಮಾಡಿ ಕಳುಹಿಸುವುದು ಅಷ್ಟು ಸುಲಭವಲ್ಲ.

ಬರೆಯುವ ಕ್ರಿಯೆ ಹೊರಗಿನಿಂದ ನೋಡುವವರಿಗೆ ಸರಳ. ತೆಳು ಗಾಜಿನ ಮೇಲೆ ಹನಿ, ಕೆಳಗಿನಿಂದ ಸೂಕ್ಷ್ಮದರ್ಶಕದ ಮಸೂರ, ಅದರ ಮೂಲಕ ಲೇಸರ್. ಕಂಪ್ಯೂಟರಿನಲ್ಲಿ ಬರೆದಿಟ್ಟ ಆಕೃತಿಯಂತೆ ಗಾಜಿನ ಪೀಠವೋ ಕಿರಣವೋ ಸರಿಯುತ್ತದೆ. ಮುಗಿದ ಮೇಲೆ ನೀರಿನಲ್ಲಿ ತೊಳೆದರೆ ಹೊಲಿಯದೆ ಉಳಿದ ರೇಷ್ಮೆ ಹೋಗುತ್ತದೆ, ಆಕೃತಿ ಗಾಜಿಗೆ ಅಂಟಿ ನಿಲ್ಲುತ್ತದೆ. ಪ್ಲಾಸ್ಟಿಕ್ ರಾಳಗಳಾದರೆ ಈ ತೊಳೆತಕ್ಕೆ ಸಾವಯವ ದ್ರಾವಕಗಳು ಬೇಕು. ಇಲ್ಲಿ ಶಾಯಿಯೂ ನೀರು, ತೊಳೆಯುವುದೂ ನೀರು.

ನೀರೊಂದೇ ಸಾಕು ಎಂಬುದರ ಬೆಲೆ

ನೀರಿನ ಮಾತನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕಿಣ್ವಗಳು, ಪ್ರತಿಕಾಯಗಳು ತಮ್ಮ ಕೆಲಸ ಮಾಡುವುದು ತಮ್ಮ ಮಡಿಕೆಯ ಆಕಾರದಿಂದ. ಕಾಯಿಸಿದರೆ, ಸಾವಯವ ದ್ರಾವಕದಲ್ಲಿ ಅದ್ದಿದರೆ ಆ ಆಕಾರ ಕೆಡುತ್ತದೆ. ನೀರಿನಲ್ಲಿ, ಕೋಣೆಯ ಉಷ್ಣತೆಯಲ್ಲಿ ಬರೆಯುವುದಾದರೆ ಅವನ್ನು ಶಾಯಿಯಲ್ಲೇ ಬೆರೆಸಿಬಿಡಬಹುದು. 2017ರಲ್ಲಿ ಅಮೆರಿಕದ ವಾಯುಪಡೆಯ ಸಂಶೋಧನಾ ಪ್ರಯೋಗಾಲಯದ ತಂಡ ಪ್ರತಿಕಾಯಗಳನ್ನು ಒಳಗೊಂಡ ರೇಷ್ಮೆಯ ಸೂಕ್ಷ್ಮ ಆಕೃತಿಗಳನ್ನು ಮುದ್ರಿಸಿದ್ದು ಈ ದಾರಿಯಲ್ಲೇ. ರೋಗದ ಗುರುತನ್ನು ಹಿಡಿಯುವ ಸಂವೇದಕವನ್ನು ಬೇಕಾದ ಜಾಗದಲ್ಲಿ, ಬೇಕಾದ ಆಕಾರದಲ್ಲಿ ನಿಲ್ಲಿಸುವ ಕೆಲಸಕ್ಕೆ ಇದು ಬುನಾದಿ.

ಚೀನಾದ ಜಿಲಿನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಕೆಲಸ ನನಗೆ ಎಲ್ಲಕ್ಕಿಂತ ಹಿಡಿಸಿದ್ದು. ಮೊದಲು ಅವರು ಬಣ್ಣದ ನೆರವಿನಿಂದ ರೇಷ್ಮೆಯನ್ನು ಫೆಮ್ಟೋಸೆಕೆಂಡ್ ಲೇಸರಿನಲ್ಲಿ ಹೊಲಿದರು. ಆಮೇಲೆ ಬಣ್ಣವನ್ನೇ ಕೈಬಿಟ್ಟು ಬೆಳ್ಳಿಯ ಲವಣವನ್ನು ಬೆರೆಸಿ ನೋಡಿದರು. ಬೆಳ್ಳಿಯ ಅಯಾನಿಗೆ ಒಂದು ಎಲೆಕ್ಟ್ರಾನಿನ ಕೊರತೆ, ಹೊಲಿಗೆಗೆ ಸಿದ್ಧವಾಗಬೇಕಾದ ರೇಷ್ಮೆ ಎಲೆಕ್ಟ್ರಾನ್ ಬಿಟ್ಟುಕೊಡಬೇಕು. ಲೇಸರ್ ತಾಗಿದಲ್ಲಿ ಕೊಡುಕೊಳ್ಳುವಿಕೆ ನಡೆದುಹೋಗುತ್ತದೆ. ರೇಷ್ಮೆ ಕೊಟ್ಟ ಎಲೆಕ್ಟ್ರಾನನ್ನು ಪಡೆದ ಅಯಾನು ಲೋಹದ ಬೆಳ್ಳಿಯಾಗುತ್ತದೆ, ಕೊಟ್ಟ ರೇಷ್ಮೆ ತನ್ನಷ್ಟಕ್ಕೆ ಹೊಲಿದುಕೊಳ್ಳುತ್ತದೆ. ಒಂದೇ ಏಟಿಗೆ ರೇಷ್ಮೆಯ ಮೈ, ಅದರೊಳಗೆ ಬೆಳ್ಳಿಯ ಕಣಗಳು. ಹೀಗೆ ಬರೆದ ವಿದ್ಯುದ್ವಾರದ ವಾಹಕತೆ ಶುದ್ಧ ಬೆಳ್ಳಿಯ ಸಾವಿರಾರು ಪಾಲಿನಲ್ಲಿ ಒಂದಷ್ಟೇ, ಆದರೂ ಮೃದುವಾದ ಪ್ರೋಟೀನಿನ ಗೆರೆಯಲ್ಲಿ ವಿದ್ಯುತ್ ಹರಿಸಲು ಅದು ಸಾಕು. ಚಿನ್ನದ ಲವಣದಿಂದಲೂ ಅವರು ಇದನ್ನೇ ಮಾಡಿ ತೋರಿಸಿದರು.

ಅದೇ ವರ್ಷ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು ಹಾದಿಯನ್ನು ತಿರುಗಿಸಿ ನಡೆದರು. ದ್ರವದಲ್ಲಿ ಗಟ್ಟಿ ಬರೆಯುವ ಬದಲು ಮೊದಲೇ ಜೆಲ್ ಆಗಿದ್ದ ರೇಷ್ಮೆಯೊಳಗೆ ಖಾಲಿ ಜಾಗವನ್ನು ಕೊರೆದರು. ಜೆಲ್ ಪಾರದರ್ಶಕವಾದ್ದರಿಂದ ಲೇಸರ್ ಮೇಲ್ಮೈಯಿಂದ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಆಳಕ್ಕೆ ಇಳಿದು, ಬೇರೆ ಬಣ್ಣಗಳ ನೆರವಿಲ್ಲದೆ ಅಲ್ಲಿ ಸುರಂಗ ಮಾಡಬಲ್ಲದು. ಕೃತಕ ಅಂಗಾಂಶಗಳನ್ನು ಬೆಳೆಸುವವರಿಗೆ ಇದು ದೊಡ್ಡ ಸಂಗತಿ. ಜೀವಕೋಶಗಳ ದಪ್ಪ ಗುಂಪೊಂದು ಬದುಕಬೇಕಾದರೆ ಒಳಗಿನ ಕೋಶಗಳಿಗೆ ಆಮ್ಲಜನಕ, ಪೋಷಕಾಂಶ ತಲುಪಬೇಕು. ರಕ್ತನಾಳದಂಥ ಕಾಲುವೆಗಳಿಲ್ಲದಿದ್ದರೆ ನಡುವಿನವು ಸಾಯುತ್ತವೆ. ಆ ಕಾಲುವೆಗಳನ್ನು ಜೆಲ್ಲನ್ನು ಸೀಳದೆ ಒಳಗೇ ಬಿಡಿಸಬಹುದು.

ಹಿಂದಿನ ವರ್ಷ, 2014ರಲ್ಲಿ, ಟಫ್ಟ್ಸ್‌ನಿಂದಲೇ ಇನ್ನೊಂದು ಫಲಿತಾಂಶ ಬಂದಿತ್ತು. ಅಲ್ಲಿ ಬಳಸಿದ್ದು ಎಲೆಕ್ಟ್ರಾನ್ ಕಿರಣ. ಹಾಳೆಗಳಾಗಿ ಮಡಿದ ರೇಷ್ಮೆಯ ಪದರದ ಮೇಲೆ ಆ ಕಿರಣ ಹಾಯಿಸಿದರೆ ತಾಗಿದ ಭಾಗ ನೀರಿನಲ್ಲಿ ಕರಗುತ್ತದೆ. ಮಡಿಯದ ರೇಷ್ಮೆಯ ಮೇಲೆ ಹಾಯಿಸಿದರೆ ತಾಗಿದ ಭಾಗವೇ ಉಳಿದು ಮಿಕ್ಕದ್ದು ಕರಗುತ್ತದೆ. ಮೂರು ಆಯಾಮ ಅದರಿಂದ ಸುಲಭವಲ್ಲ, ಆದರೆ ರೇಷ್ಮೆಯ ಆರಂಭದ ಸ್ಥಿತಿ ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಸಾಕ್ಷಿ ಸಿಗಲಾರದು.

ಗಡಿಯಾರ ನೋಡಿದಾಗ

ಈಗ ಕಷ್ಟದ ಮಾತು. ಸೂಜಿ ಎಷ್ಟು ಸಣ್ಣದೋ ಹೊಲಿಗೆ ಅಷ್ಟು ನಿಧಾನ. ನೂರು ಮೈಕ್ರೋಮೀಟರ್ ಬದಿಯ ಒಂದು ಘನವನ್ನು ತುಂಬ ಹೊಲಿಯಬೇಕೆಂದಿಟ್ಟುಕೊಳ್ಳಿ, ಎಂದರೆ ತಲೆಗೂದಲಿನ ದಪ್ಪದ ಒಂದು ಡಬ್ಬಿ. ಗೆರೆಯಿಂದ ಗೆರೆಗೆ 0.2 ಮೈಕ್ರೋಮೀಟರ್, ಪದರದಿಂದ ಪದರಕ್ಕೆ 0.5 ಮೈಕ್ರೋಮೀಟರ್ ಅಂತರ ಇಟ್ಟರೆ ಒಂದು ಪದರಕ್ಕೆ 500 ಗೆರೆಗಳು, ಒಟ್ಟು 200 ಪದರಗಳು, ಒಂದು ಲಕ್ಷ ಗೆರೆಗಳು. ಲೇಸರ್ ಸೆಕೆಂಡಿಗೆ ನೂರು ಮೈಕ್ರೋಮೀಟರ್ ಸರಿದರೆ ಒಂದು ಗೆರೆಗೆ ಒಂದು ಸೆಕೆಂಡ್. ಒಂದು ಲಕ್ಷ ಸೆಕೆಂಡ್ ಎಂದರೆ ಸುಮಾರು 28 ಗಂಟೆ. ಬದಿಯನ್ನು ಒಂದು ಮಿಲಿಮೀಟರಿಗೆ ಏರಿಸಿದರೆ ಸಾವಿರ ಪಟ್ಟು ಹೊತ್ತು ಹಿಡಿಯುತ್ತದೆ. ಹಗಲಿರುಳೂ ಓಡಿಸಿದರೂ ಮೂರು ವರ್ಷಕ್ಕೆ ಮಿಗಿಲು. ಕಿರಣವನ್ನು ಕನ್ನಡಿಗಳಿಂದ ವೇಗವಾಗಿ ಓಡಾಡಿಸಬಹುದು, ಒಂದು ಕಿರಣವನ್ನು ಹಲವಾಗಿ ಒಡೆಯಬಹುದು. ಆದರೆ ರೇಷ್ಮೆಯಲ್ಲಿ ಸರಣಿ ಇಲ್ಲ ಎಂದೆನಲ್ಲ, ಅದು ಇಲ್ಲಿ ಕಾಡುತ್ತದೆ. ಒಂದೊಂದು ಹೊಲಿಗೆಗೂ ಫೋಟಾನ್ ತೆರಬೇಕಾದ್ದರಿಂದ ಬಹಳ ಅವಸರಿಸಿದರೆ ಹೊಲಿಗೆ ಸಾಲದೆ ಆಕೃತಿ ಕುಸಿಯುತ್ತದೆ. ಅವಸರಕ್ಕೆಂದು ಲೇಸರಿನ ಬಲ ಹೆಚ್ಚಿಸಿದರೆ ನಾಭಿಯಲ್ಲಿ ಗುಳ್ಳೆ ಎದ್ದು ಬರೆದದ್ದೆಲ್ಲ ಹರಿದುಹೋಗುತ್ತದೆ.

ಆದ್ದರಿಂದ ಸೆಂಟಿಮೀಟರ್ ಅಳತೆಯ ಮೂಳೆಯನ್ನೋ ಮೃದ್ವಸ್ಥಿಯನ್ನೋ ಈ ಸೂಜಿಯಿಂದ ಹೊಲಿಯುವ ಕನಸು ಕಾಣುವುದು ಸರಿಯಲ್ಲ. ಆ ಅಳತೆಗೆ ಬೇರೆ ದಾರಿಯಿದೆ. 2018ರಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು ಫೈಬ್ರೋಯಿನ್ನಿಗೆ ಮೆಥಾಕ್ರಿಲೇಟ್ ಎಂಬ ಕೊಂಡಿಗಳನ್ನು ರಾಸಾಯನಿಕವಾಗಿ ಜೋಡಿಸಿ, ಪ್ರೊಜೆಕ್ಟರಿನಂತೆ ಇಡೀ ಪದರದ ಚಿತ್ರವನ್ನು ಒಮ್ಮೆಗೇ ಬೆಳಗಿಸಿ ಗಟ್ಟಿಮಾಡುವ ಶಾಯಿ ತಯಾರಿಸಿದರು. ವೇಗ ಬಂತು, ಸೂಕ್ಷ್ಮತೆ ಇಳಿಯಿತು, ರೇಷ್ಮೆ ಹುಟ್ಟುರೂಪದಲ್ಲಿ ಉಳಿಯಲಿಲ್ಲ. ಎರಡು ಫೋಟಾನ್‌ಗಳ ಸೂಜಿಗೆ ಒಪ್ಪುವುದು ಜೀವಕೋಶದ ಅಳತೆಯ ಕೆಲಸ: ಒಂದು ಕೋಶ ಕಾಲೂರುವ ಜಾಲರಿ, ಕೂದಲಿನಷ್ಟು ಅಗಲದ ಮಸೂರ, ಸೂಕ್ಷ್ಮ ಸಂವೇದಕ.

ಬೇರೆ ತೊಡಕುಗಳೂ ಇವೆ. ಬರೆದ ಚುಕ್ಕೆ ದುಂಡಗಿರುವುದಿಲ್ಲ, ಕಿರಣದ ದಿಕ್ಕಿಗೆ ಉದ್ದವಾಗಿ ಅಕ್ಕಿಕಾಳಿನಂತಿರುತ್ತದೆ. ಆಕೃತಿ ನೀರಿನಲ್ಲಿ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಹಾಗಾಗಿ ಕಂಪ್ಯೂಟರಿನಲ್ಲಿ ಬರೆದ ಅಳತೆಯೇ ಕೈಗೆ ಬರುವುದಿಲ್ಲ. ಬಣ್ಣಗಳು ಮತ್ತು ಅವು ಕೆರಳಿಸುವ ಆಮ್ಲಜನಕ ಜೀವಕೋಶಗಳಿಗೆ ಹಾನಿಕರ, ಮುದ್ರಿಸಿದ ಮೇಲೆ ಬಣ್ಣವನ್ನು ಪೂರ್ತಿ ತೊಳೆದು ತೆಗೆಯಬೇಕು. ರೇಷ್ಮೆಯ ದ್ರಾವಣ ಸೀಸೆಯಲ್ಲಿ ಇಟ್ಟಲ್ಲೇ ದಿನ ಕಳೆದಂತೆ ತಾನಾಗಿ ಮಡಿದು ಜೆಲ್ ಆಗಿಬಿಡುತ್ತದೆ, ಅಲುಗಾಡಿಸಿದರೆ ಇನ್ನೂ ಬೇಗ. ಬಣ್ಣವಿಲ್ಲದೆ ಟೈರೋಸಿನ್ನಿಗೇ ನೇರವಾಗಿ ಶಕ್ತಿ ಮುಟ್ಟಿಸುವುದು ಇದಕ್ಕೆಲ್ಲ ಆಕರ್ಷಕವಾದ ಉತ್ತರ. 800 ನ್ಯಾನೋಮೀಟರಿನ ಮೂರು ಫೋಟಾನ್‌ಗಳು ಕೂಡಿದರೆ 267 ನ್ಯಾನೋಮೀಟರಿನ ಒಂದಕ್ಕೆ ಸಮ, ಟೈರೋಸಿನ್ ಹೀರುವುದು ಆ ಆಸುಪಾಸಿನ ಅತಿನೇರಳೆಯನ್ನೇ. ಆದರೆ ಇಬ್ಬರು ಒಟ್ಟಿಗೆ ಸಿಗುವುದೇ ಇಷ್ಟು ಅಪರೂಪವಾದರೆ ಮೂವರು ಸಿಗುವುದು ಇನ್ನೂ ಅಪರೂಪ. ಅದಕ್ಕೆ ಬೆಳಕನ್ನು ಇನ್ನಷ್ಟು ದಟ್ಟಗೊಳಿಸಬೇಕು, ದಟ್ಟಗೊಳಿಸಿದರೆ ಮತ್ತೆ ಗುಳ್ಳೆಯ ಅಪಾಯ.

ಹೊಲಿಗೆ ಸರಿಯಾಗಿ ಬಿದ್ದಿದೆಯೇ ಎಂದು ತಿಳಿಯಲು ಮಾತ್ರ ರೇಷ್ಮೆ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಡೈಟೈರೋಸಿನ್ ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ, ಒಂಟಿ ಟೈರೋಸಿನ್ ಹಾಗೆ ಹೊಳೆಯದು. ಆಕೃತಿಯೊಳಗೆ ಉಳಿದ ಬಣ್ಣವೂ ತನ್ನದೇ ಬೆಳಕು ಬೀರುತ್ತದೆ. ಆದ್ದರಿಂದ ಬರೆದು ಮುಗಿಸಿದವರು ಗಾಜನ್ನು ಪೀಠದಿಂದ ತೆಗೆಯಬೇಕಾಗಿಯೂ ಇಲ್ಲ. ಅದೇ ಲೇಸರಿನ ಬಲವನ್ನು ಹೊಲಿಗೆ ಬೀಳದಷ್ಟು ಕೆಳಗಿಳಿಸಿ, ಬರೆದ ದಾರಿಯಲ್ಲೇ ಇನ್ನೊಮ್ಮೆ ಓಡಿಸುತ್ತಾರೆ. ಕತ್ತಲ ಪರದೆಯ ಮೇಲೆ ಕಮಾನುಗಳು, ಜಾಲರಿಗಳು ಪದರಪದರವಾಗಿ ಬೆಳಗಿ ಕಾಣಿಸುತ್ತವೆ.